ಕಾಣಲಿಲ್ಲ ಕಣೇ

ಭಾನುವಾರ ರಾತ್ರಿ ಒಂಬತ್ತಕ್ಕೆ ನಾನು ದಾಸರಹಳ್ಳಿಯ ನಮ್ಮ ಮನೆಯ ಮಂಚದ ಮೇಲೆ, ನನ್ನ ಸೋದರತ್ತೆ ಹನುಮಂತನಗರದ ತಮ್ಮ ಮನೆಯ ಬೆತ್ತದ ಕುರ್ಚಿಯಲ್ಲಿ ಕುಳಿತು ಚೌಕಾಬಾರ ಆಡುತ್ತೇವೆ. ಮಣೆ ಮೊಬೈಲಿನೊಳಗಿದೆ, ಕವಡೆಯೂ ಅದರೊಳಗೇ ಇದೆ. ಬೆರಳಿನಿಂದ ಒತ್ತಿದರೆ ನಾಲ್ಕು ಕವಡೆ ಉರುಳಿದ ಸದ್ದಾಗಿ, ಎಷ್ಟು ಬಿತ್ತೆಂಬ ಅಂಕಿ ಪರದೆಯ ಮೂಲೆಯಲ್ಲಿ ಮೂಡುತ್ತದೆ. ಮಾತಿಗೆ ಮಾತ್ರ ಅತ್ತೆಯ ಮನೆಯಲ್ಲಿ ಇನ್ನೂ ಉಳಿದಿರುವ ಲ್ಯಾಂಡ್‌ಲೈನ್ ಬೇಕು. ಅದರ ಸ್ಪೀಕರ್ ಗುಂಡಿಯನ್ನು ಒತ್ತಿ ಪಕ್ಕದ ಸ್ಟೂಲಿನ ಮೇಲಿಟ್ಟುಕೊಂಡು ಅವರು ಆಟಕ್ಕೆ ಕೂರುತ್ತಾರೆ. ಒಂದೇ ಊರಿನಲ್ಲಿದ್ದುಕೊಂಡು ಇದೆಂಥ ಆಟ ಎಂದು ಯಾರಾದರೂ ಕೇಳಿದರೆ, ಬೆಂಗಳೂರಿನವರೆಲ್ಲರ ನಾಲಿಗೆಯ ತುದಿಯಲ್ಲಿರುವ ಟ್ರಾಫಿಕ್ಕಿನ ಉತ್ತರವನ್ನೇ ನಾನೂ ಕೊಡುತ್ತೇನೆ. ಅದು ಪೂರ್ತಿ ನಿಜವಲ್ಲ. ದಾಸರಹಳ್ಳಿಯಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ಎಲ್ಲಿಯೂ ಬದಲಾಯಿಸದೆ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿಯಬಹುದು, ಅದಕ್ಕೆ ಮುಕ್ಕಾಲು ಗಂಟೆಯೂ ಬೇಕಿಲ್ಲ, ಅಲ್ಲಿಂದಾಚೆಗೆ ಆಟೋ ಇದೆ. ಹೋಗದಿರುವುದಕ್ಕೆ ಕಾರಣ ಸೋಮಾರಿತನವೇ ಹೊರತು ಬೇರೇನಲ್ಲ.

ಈ ಆಟ ಶುರುವಾಗಿ ನಾಲ್ಕೈದು ವಾರವಾಗಿರಬಹುದು. ಒಂದು ರಾತ್ರಿ ಆಟದ ನಡುವೆ ಅತ್ತೆ ಇದ್ದಕ್ಕಿದ್ದಂತೆ, "ಇದು ಮೋಸದ ಆಟ ಕಣೇ," ಎಂದರು. ಸೋತ ಬೇಸರಕ್ಕೆ ಹಾಗೆಂದರೆಂದು ತಳ್ಳಿಹಾಕಲಾಗದಂತೆ ಆ ಸಲ ಗೆದ್ದವರು ಅವರೇ ಆಗಿದ್ದರು. ನಾನು ಬ್ಯಾಂಕೊಂದರ ತಪಾಸಣಾ ವಿಭಾಗದಲ್ಲಿ ಇಪ್ಪತ್ತು ವರ್ಷಕ್ಕೂ ಮೀರಿ ಕೆಲಸ ಮಾಡಿದವಳು. ಮೋಸ ಎಂಬ ಮಾತು ಕಿವಿಗೆ ಬಿದ್ದರೆ ಕಡತ ತೆರೆಯದೆ ನಿದ್ದೆ ಬಾರದಂಥ ಅಭ್ಯಾಸ ಅಂಟಿಕೊಂಡಿದೆ. ಮೋಸವೆಲ್ಲಿದೆ ಅತ್ತೆ ಎಂದು ಕೇಳಿದರೆ ಅವರು, "ಹೇಳಕ್ಕೆ ಬರಲ್ಲ, ಆಡ್ತಾ ಆಡ್ತಾ ಗೊತ್ತಾಗುತ್ತೆ," ಎಂದು ಮಾತು ಮುಗಿಸಿಬಿಟ್ಟರು. ಕವಡೆ ಸರಿಯಾಗಿ ಬೀಳುತ್ತಿಲ್ಲವೆಂಬುದು ಅವರ ದೂರೆಂದು ನಾನು ತಿಳಿದುಕೊಂಡೆ. ಮೊಬೈಲಿನಲ್ಲಿ ದಾಳದ ಆಟ ಆಡುವವರೆಲ್ಲರೂ ಹೇಳುವುದು ಅದನ್ನೇ: ನನಗೆ ಬೇಕಾದಾಗ ಬೀಳುವುದಿಲ್ಲ, ಎದುರಾಳಿಗೆ ಬೇಕೆಂದಾಗಲೆಲ್ಲ ಬೀಳುತ್ತದೆ, ಒಳಗಿನಿಂದ ಯಾರೋ ಕೈಯಾಡಿಸುತ್ತಿದ್ದಾರೆ.

ನಾಲ್ಕು ಕವಡೆಯ ಲೆಕ್ಕ

ಮೊದಲು ಕಾಗದದ ಮೇಲಿನ ಲೆಕ್ಕ ನೋಡಿದೆ. ಒಂದೊಂದು ಕವಡೆ ಬೀಳುವುದು ಎರಡು ಬಗೆಯಲ್ಲಿ, ಅಂಗಾತ ಇಲ್ಲವೇ ಬೋರಲು. ನಾಲ್ಕು ಕವಡೆ ಸೇರಿದರೆ ಒಟ್ಟು 16 ಬಗೆ. ಎರಡೂ ಮಗ್ಗುಲಿಗೆ ಸಮಾನ ಅವಕಾಶವಿದೆಯೆಂದು ಒಪ್ಪಿಕೊಂಡರೆ ಈ 16ರಲ್ಲಿ ಒಂದು ಬೀಳುವುದು 4 ಬಗೆಯಲ್ಲಿ, ಎರಡು 6 ಬಗೆಯಲ್ಲಿ, ಮೂರು 4 ಬಗೆಯಲ್ಲಿ. ನಾಲ್ಕೂ ಅಂಗಾತ ಬಿದ್ದು ಚೌಕವಾಗುವುದು ಒಂದೇ ಬಗೆಯಲ್ಲಿ, ನಾಲ್ಕೂ ಬೋರಲು ಬಿದ್ದು ಎಂಟೆಣಿಸುವ ಬಾರಾ ಆಗುವುದೂ ಒಂದೇ ಬಗೆಯಲ್ಲಿ. ನಮ್ಮ ಪಚ್ಚೀಸಿಯನ್ನು ಸರಳಗೊಳಿಸಿ ಇಂಗ್ಲೆಂಡಿನಲ್ಲಿ 1896ರಲ್ಲಿ ಪೇಟೆಂಟ್ ಪಡೆದ ಲೂಡೋ ಕವಡೆಯನ್ನು ಬಿಟ್ಟು ಆರು ಮುಖದ ದಾಳವನ್ನು ಹಿಡಿದುಕೊಂಡಿತಲ್ಲ, ಅಲ್ಲಿ ಒಂದಕ್ಕೂ ಆರಕ್ಕೂ ಸಮಪಾಲು. ಚೌಕಾಬಾರದಲ್ಲಿ ಹಾಗಿಲ್ಲ, ಇಲ್ಲಿ ಎರಡೆಂಬುದು ದಿನಗೂಲಿಯಂತೆ ಬರುತ್ತದೆ, ಬಾರಾ ಹಬ್ಬದಂತೆ ಬರುತ್ತದೆ. ಗರವೊಂದಕ್ಕೆ, ಅಂದರೆ ಕವಡೆಯನ್ನು ಒಂದು ಸಲ ಹಾಕಿದ್ದಕ್ಕೆ, ಸರಾಸರಿ ಎರಡೂವರೆ ಮನೆ. ಒಂದು ಕಾಯಿ ತನ್ನ ಕಟ್ಟೆಯಿಂದ ಹೊರಟು ಹೊರಸುತ್ತು ಒಳಸುತ್ತು ಎರಡನ್ನೂ ಮುಗಿಸಿ ನಡುಮನೆಯಲ್ಲಿ ಹಣ್ಣಾಗಬೇಕಾದರೆ 24 ಮನೆ ನಡೆಯಬೇಕು. ಗರ ಹಾಕಿ ಹಾಕಿ ಕೈ ಸೋಲುವುದು ಸುಮ್ಮನೆ ಅಲ್ಲ.

ಇನ್ನು ಚೌಕವೋ ಬಾರವೋ ಬಿದ್ದು ಮತ್ತೊಂದು ಗರ ಸಿಗುವ ಅವಕಾಶ ಎಂಟರಲ್ಲಿ ಒಂದು. ಹಾಗಾದರೆ ಸತತ ಹತ್ತು ಸಲ ಎರಡರಲ್ಲಿ ಯಾವುದೂ ಬೀಳದೇ ಹೋಗುವ ಸಂಭವವೆಷ್ಟು? ಶೇಕಡ 26. ನಾಲ್ಕು ಸಲಕ್ಕೊಮ್ಮೆ ಹಾಗಾಗುವುದು ಲೆಕ್ಕದ ಪ್ರಕಾರ ಸಹಜವೇ, ಆದರೆ ಆಡುವವರಿಗೆ ಮಾತ್ರ ತಮ್ಮ ಮೇಲೆ ಯಾರೋ ಹಗೆ ಸಾಧಿಸುತ್ತಿದ್ದಾರೆ ಎನ್ನಿಸುತ್ತದೆ. ನಿಜವಾದ ಯಾದೃಚ್ಛಿಕತೆಯನ್ನು ಕಂಡರೆ ನಮಗೆ ಅನುಮಾನ. ಹಾಡುಗಳನ್ನು ಕಲಸಿ ಹಾಕುವ ಆಪಲ್ ಐಪಾಡಿನಲ್ಲಿ ಒಬ್ಬರೇ ಗಾಯಕರ ಹಾಡು ಸಾಲಾಗಿ ಬಂದಾಗ ಜನ ನಂಬದೆ ಹೋದರೆಂದು, ಆ ಕಂಪನಿ 2005ರಲ್ಲಿ ಅಂಥ ಸಾಲುಗಳು ಬೀಳುವುದನ್ನು ಬೇಕೆಂದೇ ಕಡಿಮೆ ಮಾಡಿಕೊಳ್ಳುವ ಸೌಲಭ್ಯವೊಂದನ್ನು ಒದಗಿಸಬೇಕಾಯಿತು.

ಲೆಕ್ಕ ಹೀಗಿದ್ದರೂ ತಪಾಸಣೆಯವಳಿಗೆ ಲೆಕ್ಕ ಸಾಲದು, ಖಾತೆ ಪುಸ್ತಕ ಬೇಕು. ಒಂದಿಡೀ ವಾರ, ಮೆಜೆಸ್ಟಿಕ್‌ವರೆಗೆ ಹಸಿರು ಮಾರ್ಗದಲ್ಲೂ ಅಲ್ಲಿಂದ ಎಂ.ಜಿ. ರಸ್ತೆಯವರೆಗೆ ನೇರಳೆ ಮಾರ್ಗದಲ್ಲೂ ಕಚೇರಿಗೆ ಹೋಗುತ್ತ ಬರುತ್ತ, ನಾನೊಬ್ಬಳೇ ಇಬ್ಬರ ಪರವಾಗಿ ಮೊಬೈಲಿನಲ್ಲಿ ಗರ ಹಾಕುತ್ತ, ಸಣ್ಣ ಪುಸ್ತಕವೊಂದರಲ್ಲಿ ಗೀಟು ಎಳೆಯುತ್ತ ಹೋದೆ. 256 ಗರಗಳೆಂದು ಮೊದಲೇ ನಿಶ್ಚಯಿಸಿಕೊಂಡಿದ್ದೆ, ಏಕೆಂದರೆ ಆಗ ಒಂದೂ ಮೂರೂ ತಲಾ 64, ಎರಡು 96, ಚೌಕವೂ ಬಾರವೂ ತಲಾ 16 ಬೀಳಬೇಕೆಂಬುದು ತಾಳೆ ನೋಡಲು ಸುಲಭ. ಪಕ್ಕದಲ್ಲಿ ನಿಂತಿದ್ದ ಹುಡುಗನೊಬ್ಬ ನನ್ನ ಗೀಟುಗಳನ್ನು ಎರಡು ನಿಲ್ದಾಣಗಳ ಉದ್ದಕ್ಕೂ ನೋಡಿ, ಕೊನೆಗೆ ತಡೆಯಲಾರದೆ ಏನು ಬರೆಯುತ್ತಿದ್ದೀರಿ ಮೇಡಂ ಎಂದು ಕೇಳಿದ, ಚೌಕಾಬಾರ ಎಂದೆ, ಅವನು ತಲೆಯಾಡಿಸಿ ದೂರ ಸರಿದು ನಿಂತ. ಶುಕ್ರವಾರ ಸಂಜೆ ಕೂಡಿ ನೋಡಿದಾಗ ಎಲ್ಲವೂ ಇರಬೇಕಾದ ಅಂಕಿಗಳ ಆಸುಪಾಸಿನಲ್ಲೇ ಇದ್ದವು. ಆಕ್ಷೇಪಣೆ ಬರೆಯುವಂಥದ್ದು ಒಂದೂ ಸಿಗಲಿಲ್ಲ.

ಟಿನ್ ಡಬ್ಬಿ

ಈ ವರದಿಯನ್ನು ಫೋನಿನಲ್ಲಿ ಒಪ್ಪಿಸುವುದು ಚೆನ್ನಲ್ಲವೆಂದು ಮಾರನೆಯ ದಿನ ಸೋಮಾರಿತನ ಬಿಟ್ಟು ಹನುಮಂತನಗರಕ್ಕೆ ಹೋದೆ. ಅತ್ತೆ ನನ್ನ ಪುಸ್ತಕವನ್ನು ಕೈಗೆ ತೆಗೆದುಕೊಂಡು, ಅಡುಗೆಮನೆಯ ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದೇ ಪುಟವನ್ನು ಮರ್ಯಾದೆಯಿಂದ ತಿರುವಿ ಹಾಕಿದರು. ಆಮೇಲೆ ಏನೂ ಹೇಳದೆ ಒಳಕೋಣೆಗೆ ಹೋಗಿ ಬಿಸ್ಕತ್ತಿನ ಹಳೆಯ ಟಿನ್ ಡಬ್ಬಿಯೊಂದನ್ನು ತಂದು ಊಟದ ಮೇಜಿನ ಮೇಲಿಟ್ಟರು. ಅದರೊಳಗೆ ಅಜ್ಜಿಯ ಕಾಲದ ನಾಲ್ಕು ಕವಡೆ, ಕಾಯಿಗಳಾಗಿ ಬಳಸುತ್ತಿದ್ದ ಬಳೆಚೂರುಗಳು, ಒಂದು ಬದಿಯನ್ನು ಬಿಳುಪಾಗುವಂತೆ ಕಲ್ಲಿಗೆ ತೇದ ಹುಣಸೆ ಬೀಜಗಳು ಇದ್ದವು. ಹುಣಸೆ ಬೀಜ ಕವಡೆಗೆ ಬದಲಿ. ರಜೆಯಲ್ಲಿ ಒಂದೇ ಮನೆಯಲ್ಲಿ ಎರಡು ಮೂರು ಕಡೆ ಆಟ ಹೂಡಿದಾಗ ಬೇಕಾಗುತ್ತಿತ್ತು. ಬೀಜವನ್ನು ಹಿತ್ತಲಿನ ಒಗೆಯುವ ಕಲ್ಲಿಗೆ ಒತ್ತಿ ತೇಯುವಾಗ ಬೆರಳ ತುದಿ ಸುಡುತ್ತಿದ್ದದ್ದು, ಸುಟ್ಟ ಬೀಜವನ್ನು ಪಕ್ಕದವರ ಮೊಣಕೈಗೆ ಮುಟ್ಟಿಸಿ ಚೀರಿಸುತ್ತಿದ್ದದ್ದು ಆ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ನೆನಪಿಗೆ ಬಂತು.

"ಹಾಕು, ನಿನ್ನ ಪುಸ್ತಕದಲ್ಲಿ ಇದನ್ನೂ ಬರಕೋ," ಎಂದರು ಅತ್ತೆ. ಅಂದು ಮಧ್ಯಾಹ್ನವೆಲ್ಲ ಕುಳಿತು ಆ ನಾಲ್ಕು ಕವಡೆಗಳ ಲೆಕ್ಕ ಇಟ್ಟೆ. ಅರ್ಧ ದಾರಿಗೆ ಬರುವ ಹೊತ್ತಿಗೇ ವಿಷಯ ಕಣ್ಣಿಗೆ ಹೊಡೆಯುತ್ತಿತ್ತು: ಚೌಕ ಅಪರೂಪ, ಬಾರಾ ಧಾರಾಳ. ಕವಡೆ ನಾಣ್ಯವಲ್ಲ. ಅದರ ಬೆನ್ನು ಗುಮ್ಮಟ, ಬಾಯಿಯ ಕಡೆ ಸಪಾಟು. ಎರಡು ಮಗ್ಗುಲಿಗೂ ಅದು ಸಮಾನವಾಗಿ ಬೀಳಬೇಕೆಂಬ ಕರಾರೇನೂ ಇಲ್ಲ. ಅಂಗಾತ ಬೀಳುವ ಸಂಭವ ಅರ್ಧದ ಬದಲು ಶೇಕಡ 40ಕ್ಕೆ ಇಳಿಯಿತೆಂದುಕೊಂಡರೆ, ಚೌಕ ಬೀಳುವ ಅವಕಾಶ ನೂರಕ್ಕೆ ಎರಡೂವರೆಯಷ್ಟಕ್ಕೆ ಕುಸಿದು, ಬಾರಾ ಬೀಳುವುದು ನೂರಕ್ಕೆ 13ರವರೆಗೆ ಏರುತ್ತದೆ. ಚೌಕ ಒಂದು ಬೀಳುವಲ್ಲಿ ಬಾರಾ ಐದು. ನಾನು ಹೀಗೆ ಪೆನ್ನು ಹಿಡಿದು ವಿವರಿಸುತ್ತಿದ್ದರೆ ಅತ್ತೆ ಅವರೆಕಾಯಿ ಬಿಡಿಸುತ್ತ, "ಇದಕ್ಕೆ ಇಷ್ಟೆಲ್ಲ ಬರೀಬೇಕಾ? ಈ ಕವಡೆ ಬೋರಲು ಬೀಳೋದೇ ಜಾಸ್ತಿ. ಅಂಚು ಮುರಿದಿರೋದು ಇದೆಯಲ್ಲ, ಅದು ಅಂಗಾತ ಬೀಳೋದು ಯಾವಾಗಲೋ ಒಂದ್ಸಲ. ನಿಮ್ಮಜ್ಜಿಗೂ ಗೊತ್ತಿತ್ತು," ಎಂದರು. ಎದುರಾಳಿಯ ಕಾಯಿಗಿಂತ ಸರಿಯಾಗಿ ಎಂಟು ಮನೆ ಹಿಂದೆ ತಮ್ಮ ಕಾಯೊಂದನ್ನು ನಿಲ್ಲಿಸಿಕೊಂಡು ಕಾಯುವ ಅವರ ಅಭ್ಯಾಸವನ್ನು ಚಿಕ್ಕಂದಿನಿಂದ ಕಂಡಿದ್ದೆ. ಅದು ಧೈರ್ಯವೆಂದುಕೊಂಡಿದ್ದೆ, ಲೆಕ್ಕವೆಂದು ತಿಳಿದಿರಲಿಲ್ಲ.

ನಳನ ಕಥೆಯಲ್ಲಿ ಋತುಪರ್ಣ ರಾಜ ರಥದಲ್ಲಿ ಸಾಗುತ್ತಲೇ ತಾರೆಯ ಮರವೊಂದರ ಎಲೆಗಳನ್ನೂ ಕಾಯಿಗಳನ್ನೂ ಒಂದೇ ನೋಟದಲ್ಲಿ ಎಣಿಸಿ ಹೇಳುತ್ತಾನೆ, ನಂಬದ ನಳ ರಥ ನಿಲ್ಲಿಸಿ ಇಳಿದು ಎಣಿಸಿ ನೋಡುತ್ತಾನೆ, ಆಮೇಲೆ ತನ್ನ ಕುದುರೆಯ ವಿದ್ಯೆಯಾದ ಅಶ್ವಹೃದಯಕ್ಕೆ ಪ್ರತಿಯಾಗಿ ದಾಳದ ವಿದ್ಯೆಯಾದ ಅಕ್ಷಹೃದಯವನ್ನು ಪಡೆಯುತ್ತಾನೆ. ಮರದ ಕೆಳಗೆ ಇಳಿದು ಎಣಿಸಿದ ನಳನ ಅವಸ್ಥೆ ಅಂದು ಊಟದ ಮೇಜಿನ ಮುಂದೆ ಪುಸ್ತಕ ಹಿಡಿದು ಕೂತಿದ್ದ ನನ್ನದೂ ಆಗಿತ್ತು. (ಇದು ಅದೃಷ್ಟದ ಆಟವೋ ಕೌಶಲದ ಆಟವೋ ಎಂಬ ಜಿಜ್ಞಾಸೆ ನಮ್ಮೂರಿನ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿ ಬಂದಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ರಾಜ್ಯ ಸರ್ಕಾರ 2021ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟ್ 2022ರಲ್ಲಿ ತಳ್ಳಿಹಾಕಿತು, 2025ರಲ್ಲಿ ಕೇಂದ್ರದ ಕಾನೂನೇ ಬಂದು ಹಣದ ಆಟಗಳನ್ನು ಒಟ್ಟಾರೆ ನಿಲ್ಲಿಸಿತು. ನಮ್ಮ ಮನೆಯ ಪಣ ಹುರಿಗಡಲೆಯನ್ನು ದಾಟಿದ್ದಿಲ್ಲವಾದ್ದರಿಂದ ಯಾವ ಕಾನೂನೂ ನಮ್ಮನ್ನು ಮುಟ್ಟುವುದಿಲ್ಲ.)

ಅಂತೂ ಮೋಸದ ಕಡತ ತಲೆಕೆಳಗಾಯಿತು. ಮೊಬೈಲಿನ ಕವಡೆ ಪರಿಶುದ್ಧ, ಅಜ್ಜಿಯ ಕವಡೆಯೇ ವಕ್ರ. ಅತ್ತೆ ಅದನ್ನು ಒಪ್ಪಿಕೊಂಡರು. ಆದರೆ, "ನಾನು ಹೇಳಿದ್ದು ಕವಡೆ ವಿಷಯ ಅಲ್ಲ," ಎಂದೂ ಸೇರಿಸಿದರು. ಮತ್ತೇನೆಂದು ಕೇಳುವಷ್ಟರಲ್ಲಿ ಕುಕ್ಕರ್ ಕೂಗಿತು.

ಹಾಗಿದ್ದರೆ ನೆಲದ ಮೇಲೆ ಮಣೆ ಬರೆದು ಹಳೆಯ ಕವಡೆಯಲ್ಲೇ ಆಡಬಹುದಲ್ಲ ಎಂದು ಹೇಳುವವರಿಗಾಗಿ ಒಂದು ಮಾತು. ಅತ್ತೆಗೆ ಎಪ್ಪತ್ತನಾಲ್ಕು ವರ್ಷ, ಎರಡೂ ಮಂಡಿಗಳ ಶಸ್ತ್ರಚಿಕಿತ್ಸೆಯಾಗಿದೆ. ನೆಲದ ಮೇಲೆ ಕೂರಬಾರದೆಂದು ವೈದ್ಯರು ಹೇಳಿದ ದಿನ ಅವರಿಗೆ ರಂಗೋಲಿ, ಹೂ ಕಟ್ಟುವುದು, ಚೌಕಾಬಾರ ಮೂರೂ ಒಟ್ಟಿಗೆ ಕೈ ತಪ್ಪಿದವು. ಮೇಜಿನ ಮೇಲೆ ಹಾಕಿದ ಕವಡೆ ಉರುಳಿ ಕೆಳಗೆ ಬಿದ್ದರೆ ಬಗ್ಗಿ ಎತ್ತಿಕೊಳ್ಳುವವರು ಬೇಕು. ಆಟವನ್ನು ಅವರಿಗೆ ಮರಳಿ ಕೊಟ್ಟದ್ದು ಮೊಬೈಲೇ. ಆದ್ದರಿಂದ ಯಂತ್ರವನ್ನು ಬೈಯುವ ಹಕ್ಕು ನನಗಿದೆಯೆಂದು ನಾನು ಭಾವಿಸುವುದಿಲ್ಲ, ಅತ್ತೆಯೂ ಮೋಸ ಎನ್ನುತ್ತಲೇ ಒಂದು ಭಾನುವಾರವನ್ನೂ ತಪ್ಪಿಸಿದವರಲ್ಲ.

1986ರ ಬೇಸಿಗೆ

ಆ ಬೇಸಿಗೆ ರಜೆಯಲ್ಲಿ ನನಗೆ ಒಂಬತ್ತು ವರ್ಷ, ಕಾಮಾಲೆಯಾಗಿತ್ತು. ಕಣ್ಣು ಉಗುರುಗಳೆಲ್ಲ ಹಳದಿ ತಿರುಗಿ, ಎಣ್ಣೆ ಖಾರವಿಲ್ಲದ ಮಜ್ಜಿಗೆ ಅನ್ನ ತಿನ್ನುತ್ತ, ಹೊರಗೆ ಹೋಗಿ ಆಡುವ ಹಾಗಿಲ್ಲದೆ ಹನುಮಂತನಗರದ ಅಜ್ಜಿಯ ಮನೆಯಲ್ಲಿ ಒಂದೂವರೆ ತಿಂಗಳು ಉಳಿದಿದ್ದೆ. ನಡುಮನೆಯ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಮಣೆ ದಿನವಿಡೀ ಇರುತ್ತಿತ್ತು. ಸಂಜೆ ನೆಲ ಒರೆಸುವಾಗ ಅಳಿಸಿದರೆ ಬೆಳಿಗ್ಗೆ ಮತ್ತೆ ಬರೆಯುವುದು. ಅತ್ತೆ ಆಗ ಮೂವತ್ತೈದರ ಆಸುಪಾಸಿನವರು. ಮಧ್ಯಾಹ್ನದ ಊಟದ ಪಾತ್ರೆಗಳನ್ನು ಮುಗಿಸಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಮಣೆಯ ಆಚೆ ಬದಿಗೆ ಕೂರುತ್ತಿದ್ದರು. ಮೂರನೆಯವನು ನನ್ನ ಚಿಕ್ಕಪ್ಪನ ಮಗ, ಹನ್ನೊಂದು ವರ್ಷದವನು, ಹಾಸನದಿಂದ ಬಂದಿದ್ದವನು.

ಆಟ ಶುರುವಾಗುವ ಮೊದಲು ಜಗಳ. ವಾಲಿದ ಕವಡೆಗೆ ಹಾಸನದಲ್ಲಿ ಮತ್ತೊಂದು ಗರವಂತೆ, ನಮ್ಮಲ್ಲಿ ಎಲ್ಲರೂ ಒಪ್ಪಿದರೆ ಮಾತ್ರ. ಮೂರು ಸಲ ಬಾರಾ ಬಿದ್ದರೆ ನಮ್ಮಲ್ಲಿ ಸುಟ್ಟುಹೋಯಿತು, ಹಾಸನದಲ್ಲಿ ಸುಡುವುದಿಲ್ಲ. ಗಟ್ಟಿ ಕಟ್ಟಿದ ಜೋಡಿ ಕಾಯಿಯನ್ನು ಒಂಟಿ ಕಾಯಿ ಹೊಡೆಯಬಹುದೋ ಇಲ್ಲವೋ ಎಂಬುದರ ಮೇಲೆ ಒಂದು ದಿನ ಆಟವೇ ನಿಂತು, ಅಡುಗೆಮನೆಯಿಂದ ಅಜ್ಜಿ ಬಂದು ತೀರ್ಪು ಕೊಡಬೇಕಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ತಮ್ಮ ಶ್ರೀತತ್ತ್ವನಿಧಿ ಗ್ರಂಥದ ಕೊನೆಯ ಭಾಗವಾದ ಕೌತುಕನಿಧಿಯನ್ನು ಆಟಗಳಿಗೇ ಮೀಸಲಿಟ್ಟರು, ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆಟದ ಮಣೆಗಳನ್ನೇ ಬರೆಸಿದರು. ಆದರೆ ನೆಲದ ಮೇಲೆ ಬರೆದು ಸಂಜೆಗೆ ಒರೆಸುವ ನಮ್ಮ ಮಣೆಗೆ ಯಾವ ರಾಜರೂ ನಿಯಮ ಬರೆದು ಕೊಟ್ಟಿರಲಿಲ್ಲ. ಈಗ ಮೊಬೈಲಿನಲ್ಲಿ ಅದೆಲ್ಲ ಒಂದು ಪುಟದ ಗುಂಡಿಗಳಾಗಿದೆ. ಆಟದ ಕೋಣೆಯನ್ನು ತೆರೆಯುವವರು ಬೇಕಾದ ಗುಂಡಿಗಳನ್ನು ಒತ್ತಿಕೊಂಡರೆ ಮುಗಿಯಿತು, ಅಜ್ಜಿ ಒದ್ದೆ ಕೈಯಲ್ಲಿ ಎದ್ದು ಬರಬೇಕಾಗಿಲ್ಲ.

ಎರಡು ಊರಿನವರೂ ತಕರಾರಿಲ್ಲದೆ ಒಪ್ಪಿದ ನಿಯಮ ಒಂದೇ: ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಯಾರಿಗೂ ಒಳಸುತ್ತಿಗೆ ಪ್ರವೇಶವಿಲ್ಲ. ಅಂದರೆ ಇದು ತನ್ನ ಪಾಡಿಗೆ ತಾನು ನಡೆದು ಹಣ್ಣಾಗುವ ಆಟವಲ್ಲ, ಯಾರನ್ನಾದರೂ ಹಿಂದಕ್ಕೆ ಕಳಿಸಿದವರಿಗೆ ಮಾತ್ರ ದಾರಿ ತೆರೆಯುತ್ತದೆ. ಈ ನಿಯಮ ಗೊತ್ತಿದ್ದರೆ ಮುಂದೆ ಹೇಳುವುದು ಅರ್ಥವಾಗುತ್ತದೆ.

ಒಂದು ಮಧ್ಯಾಹ್ನ ನನ್ನ ಬಳೆಚೂರೊಂದು ಹೊರಸುತ್ತಿನ ಕೊನೆಯ ಮನೆಯಲ್ಲಿ, ಕಟ್ಟೆಯ ರಕ್ಷಣೆಯಿಲ್ಲದೆ ನಿಂತಿತ್ತು. ಅತ್ತೆಯ ಹಸಿರು ಬಳೆಚೂರು ಅದರ ಹಿಂದೆ ಮೂರನೆಯ ಮನೆಯಲ್ಲಿ. ಅತ್ತೆ ಹಾಕಿದರು; ಮೂರು ಬಿತ್ತು. ನಾನು ಉಸಿರು ಹಿಡಿದೆ. ಅವರು ಆ ಕಾಯಿಯ ಮೇಲೆ ಬೆರಳನ್ನೂ ಇಡದೆ, ಮಣೆಯ ಆ ತುದಿಯಲ್ಲಿದ್ದ ಇನ್ನೊಂದು ಕಾಯಿಯನ್ನು ಎತ್ತಿ ಟಕ್, ಟಕ್, ಟಕ್ ಎಂದು ಮೂರು ಮನೆ ನಡೆಸಿದರು. ಹಾಸನದವನು ಕುಳಿತಲ್ಲೇ ಮಂಡಿಯ ಮೇಲೆ ಎದ್ದ. "ಅತ್ತೆ, ಅದು ಹೊಡೀಬಹುದಿತ್ತು! ನೋಡೂ ನೋಡೂ ಬಿಟ್ರಿ!" ಅತ್ತೆ ಕವಡೆಗಳನ್ನು ಒಟ್ಟು ಮಾಡಿ ಅವನ ಕಡೆಗೆ ತಳ್ಳುತ್ತ, "ಕಾಣಲಿಲ್ಲ ಕಣೋ. ಕನ್ನಡಕ ಒಳಗಿದೆ," ಎಂದರು. ಅವನ ಕಾಯಿಗಳನ್ನು ಹೊಡೆಯುವಾಗ ಮಾತ್ರ ಅವರಿಗೆ ಎಲ್ಲವೂ ಸೊಗಸಾಗಿ ಕಾಣುತ್ತಿತ್ತು. ಅವನು ಮೈಮರೆಯದೆ ಆಡಿದ ದಿನ, ಯಾರನ್ನೂ ಹೊಡೆಯದ ಅತ್ತೆಯ ಕಾಯಿಗಳು ಒಳಗೆ ಹೋಗಲು ದಾರಿಯಿಲ್ಲದೆ ಹೊರಸುತ್ತಿನಲ್ಲೇ ಗಾಣದೆತ್ತಿನ ಹಾಗೆ ಸುತ್ತುತ್ತಿದ್ದವು. ನಾನು ಗೆದ್ದೆ, ಗೆದ್ದೆನೆಂದು ಹಳದಿ ಕಣ್ಣಿನಲ್ಲಿ ಮೆರೆದೆ, ಕಾಮಾಲೆ ಇಳಿದ ಮೇಲೆ ಊರಿಗೆ ಹೋಗಿ ಅಪ್ಪನ ಮುಂದೆ ಎಷ್ಟು ಆಟ ಗೆದ್ದೆನೆಂದು ಎಣಿಸಿಯೂ ಹೇಳಿದೆ.

ಇದನ್ನು ಬರೆಯಲು ಕೂತಾಗ ಆ ಕಾಲದ ಫೋಟೋ ಒಂದನ್ನು ತೆಗೆದು ನೋಡಿದೆ. ಅಜ್ಜಿಯ ಮನೆಯ ಮುಂದೆ, ಸಂಪಿಗೆ ಗಿಡದ ಪಕ್ಕದಲ್ಲಿ ಎಲ್ಲರೂ ನಿಂತಿದ್ದಾರೆ. ಅಜ್ಜ ಅಜ್ಜಿ ಇಬ್ಬರಿಗೂ ಕನ್ನಡಕವಿದೆ. ಅತ್ತೆಗಿಲ್ಲ. ಅವರು ಕನ್ನಡಕ ಹಾಕಿಸಿಕೊಂಡದ್ದು ಅದಾಗಿ ಹತ್ತು ವರ್ಷದ ಮೇಲೆ, ಹಾಕಿಸಲು ಗಾಂಧಿ ಬಜಾರಿಗೆ ಜೊತೆಯಲ್ಲಿ ಹೋಗಿದ್ದವಳೂ ನಾನೇ. ಹಾಗಿದ್ದೂ ಆ ಮಾತನ್ನು ಈ ಫೋಟೋದ ಜೊತೆಗಿಟ್ಟು ನೋಡಲು ತಪಾಸಣೆಯ ಕಣ್ಣಿಗೆ ಇಷ್ಟು ವರ್ಷ ಬೇಕಾಯಿತು.

ಚಾಡಿ

ಈಗ ಮೊಬೈಲಿಗೆ ಬರುತ್ತೇನೆ. ಗರ ಬಿದ್ದ ಕೂಡಲೇ ಯಾವ ಯಾವ ಕಾಯಿಯನ್ನು ನಡೆಸಬಹುದೋ ಅವೆಲ್ಲ ಮಿನುಗುತ್ತವೆ. ಹೊಡೆಯುವ ಅವಕಾಶವಿರುವ ಕಾಯಿಯಾದರೆ ಮಿನುಗುವುದಲ್ಲದೆ ಅದರ ಸುತ್ತ ಕೆಂಪು ಬಳೆಯೊಂದು ಹಿಗ್ಗುತ್ತ ಕುಗ್ಗುತ್ತ ಇರುತ್ತದೆ. ಆಡುವವರ ಪರದೆಯಲ್ಲಿ ಮಾತ್ರವಲ್ಲ, ಎದುರಾಳಿಯ ಪರದೆಯಲ್ಲೂ. ಹೊಸದಾಗಿ ಕಲಿಯುವವರಿಗೆ ಒಳ್ಳೆಯದೇ, ಮನೆ ಎಣಿಸುವ ಶ್ರಮವಿಲ್ಲ. ಎಣಿಸದೆ ಆಡಿದರೆ ಅದು ಚೌಕಾಬಾರ ಹೌದೋ ಅಲ್ಲವೋ ಎಂದು ಒಂದೆರಡು ಸಲ ಅನ್ನಿಸಿತ್ತು, ಅದಕ್ಕಿಂತ ಹೆಚ್ಚು ಯೋಚಿಸಿರಲಿಲ್ಲ.

ಕಳೆದ ತಿಂಗಳು ಬ್ಯಾಂಕಿನಲ್ಲಿ ಬಡ್ತಿಯ ಪಟ್ಟಿ ಬಂತು. ಅದರಲ್ಲಿ ನನ್ನ ಹೆಸರಿರಲಿಲ್ಲ, ಇಲ್ಲದಿರುವುದು ಇದು ಮೂರನೆಯ ಸಲ. ಅತ್ತೆಗೆ ನಾನು ಹೇಳಿರಲಿಲ್ಲ. ಅಪ್ಪ ಹೇಳಿದರೋ, ನನ್ನ ದನಿಯಲ್ಲೇ ಗೊತ್ತಾಯಿತೋ ಕಾಣೆ. ಆ ಭಾನುವಾರ ನನಗೆ ಗರ ಚೆನ್ನಾಗಿ ಬೀಳುತ್ತಿತ್ತು. ಮೂರು ಕಾಯಿ ಹಣ್ಣಾಗಿದ್ದವು, ನಾಲ್ಕನೆಯದು ಹೊರಸುತ್ತಿನ ಕೊನೆಯ ಮನೆಯಲ್ಲಿತ್ತು. ಅತ್ತೆ ಅಷ್ಟು ಹೊತ್ತಾದರೂ ನನ್ನ ಒಂದು ಕಾಯಿಯನ್ನೂ ಕಡಿದಿರಲಿಲ್ಲ. ಅವರಿಗೆ ಎರಡು ಬಿತ್ತು. ಎರಡೇ ಮನೆ ಹಿಂದಿದ್ದ ಅವರ ಕಾಯಿಯ ಸುತ್ತ ಕೆಂಪು ಬಳೆ ಎದ್ದು ಕುಣಿಯಲು ಶುರುಮಾಡಿತು. ಹೊಡೆದರೆ ನನ್ನ ಕಾಯಿ ಮೊದಲ ಮನೆಗೆ, ಅವರಿಗೆ ಮತ್ತೊಂದು ಗರ, ಮೇಲಾಗಿ ಒಳಸುತ್ತಿನ ದಾರಿ. ಬಳೆ ಕುಣಿಯುತ್ತಲೇ ಇತ್ತು. ಮೂಲೆಯ ಗಡಿಯಾರ ಹತ್ತು, ಒಂಬತ್ತು, ಎಂಟು ಎಂದು ಇಳಿಯುತ್ತಿತ್ತು. ಸೊನ್ನೆಗೆ ಬಂದರೆ ಆಟಗಾರರ ಪರವಾಗಿ ಯಂತ್ರವೇ ಕಾಯಿ ನಡೆಸಿಬಿಡುತ್ತದೆ. ಮೂರು ಉಳಿದಾಗ ಅತ್ತೆಯ ಬೇರೊಂದು ಕಾಯಿ ಎರಡು ಮನೆ ಸರಿಯಿತು.

"ಅತ್ತೆ, ಹೊಡೀಬಹುದಿತ್ತಲ್ಲ?" ಬಾಯಿಗೆ ಬಂದುಬಿಟ್ಟಿತ್ತು.

"ಎಲ್ಲಿ? ಕಾಣಲಿಲ್ಲ ಕಣೇ."

ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಷ್ಟು ದೊಡ್ಡ ಕೆಂಪು ಬಳೆ ಕಾಣಲಿಲ್ಲವೆಂದು ಹೇಳುವುದು ಸಾಧ್ಯವಿರಲಿಲ್ಲ. ನನಗೆ ಅದು ಕಂಡಿದೆಯೆಂದು ಅವರಿಗೂ ಗೊತ್ತು. 1986ರಲ್ಲಿ ಅವರು ಬಿಟ್ಟುಕೊಟ್ಟದ್ದನ್ನು ನಾನು ಗೆಲುವೆಂದೇ ಜೇಬಿಗೆ ಹಾಕಿಕೊಂಡಿದ್ದೆ, ಹಾಸನದವನ ಕೂಗನ್ನು ಹೊಟ್ಟೆಕಿಚ್ಚೆಂದು ತಳ್ಳಿಹಾಕಿದ್ದೆ, ಏಕೆಂದರೆ ಅತ್ತೆಗೆ ನಿಜವಾಗಿಯೂ ಕಾಣದೇ ಇದ್ದಿರಬಹುದೆಂಬ ಸಣ್ಣ ಸಂದು ಅಲ್ಲಿತ್ತು. ಆ ಸಂದಿನಲ್ಲಿ ಅವರ ಮರ್ಯಾದೆಯೂ ನನ್ನ ಮರ್ಯಾದೆಯೂ ಉಳಿದಿದ್ದವು. ಈಗ ಅದೇ ಉಪಕಾರ ಕರುಣೆಯೆಂಬ ಹೆಸರಿನ ಚೀಟಿ ಅಂಟಿಸಿಕೊಂಡು ನನ್ನ ಪರದೆಯ ಮೇಲೆ ಮಿನುಗಿತ್ತು. ನಲವತ್ತೊಂಬತ್ತು ವರ್ಷದವಳಿಗೆ, ಬಡ್ತಿ ತಪ್ಪಿದ ವಾರದಲ್ಲಿ, ಅದನ್ನು ತೆಗೆದುಕೊಳ್ಳುವುದು ಕಷ್ಟವಾಯಿತು. ಹಾಗೆ ಬಿಟ್ಟುಕೊಡದಿದ್ದರೇ ಚೆನ್ನಾಗಿತ್ತೆಂದು ಕೂಡ ಒಂದು ಗಳಿಗೆ ಅನ್ನಿಸಿತು.

"ಅದಕ್ಕೇ ಹೇಳಿದ್ದು ಮೋಸದ ಆಟ ಅಂತ," ಅತ್ತೆಯೇ ಮೌನ ಮುರಿದರು. "ಮೂರು ಹೊತ್ತೂ ಚಾಡಿ ಹೇಳುತ್ತೆ. ಥೇಟು ನಿಮ್ಮ ಚಿಕ್ಕಪ್ಪನ ಮಗನ ಥರ."

ನನಗೆ ನಗು ಬಂತು. ಅವರೂ ನಕ್ಕರು. ಆ ಆಟವನ್ನು ನಾನು ಗೆದ್ದೆ, ಗೆದ್ದದ್ದರ ಬಗ್ಗೆ ಇಬ್ಬರೂ ಮಾತಾಡಲಿಲ್ಲ. ಫೋನಿಡುವ ಮುಂಚೆ, "ಊಟ ಸರಿಯಾಗಿ ಮಾಡ್ತಿದೀಯಾ?" ಎಂದು ಕೇಳಿದರು. ಬಡ್ತಿಯ ಸುದ್ದಿ ಅವರಿಗೆ ತಲುಪಿದೆಯೆಂದು ನನಗೆ ಖಾತ್ರಿಯಾದದ್ದು ಆಗ.

ಮಿನುಗು ನಿಂತ ಮೇಲೆ

ಮರುದಿನ ಮೆಟ್ರೋದಲ್ಲಿ ಆ ನಿಯಮಗಳ ಪುಟವನ್ನು ತೆರೆದು ಕೆಳಗಿನವರೆಗೂ ಓದಿದೆ. ವಾಲಿದ ಕವಡೆಯ ಪ್ರಸ್ತಾಪ ಎಲ್ಲಿಯೂ ಇರಲಿಲ್ಲ, ಯಂತ್ರದ ಕವಡೆ ವಾಲುವುದಿಲ್ಲ. ಗಟ್ಟಿಯ ವಿಷಯಕ್ಕೆ ಎರಡು ಗುಂಡಿಗಳಿದ್ದವು. ಎಲ್ಲಕ್ಕಿಂತ ಕೊನೆಯಲ್ಲಿ, ಯಾರ ಕಣ್ಣಿಗೂ ಸುಲಭಕ್ಕೆ ಬೀಳದ ಜಾಗದಲ್ಲಿ, ನಡೆಸಬಹುದಾದ ಕಾಯಿಯನ್ನು ತೋರಿಸಬೇಕೇ ಬೇಡವೇ ಎಂಬುದಕ್ಕೊಂದು ಗುಂಡಿ. ಬೇಡವೆಂದು ಒತ್ತಿದೆ. ಗಡಿಯಾರಕ್ಕೂ ಒಂದು ಗುಂಡಿಯಿತ್ತು, ಅದನ್ನೂ ಬೇಡವೆಂದು ಒತ್ತಿದೆ. ಅತ್ತೆಗೆ ಏನೂ ಹೇಳಲಿಲ್ಲ.

ಮುಂದಿನ ಭಾನುವಾರ ಅವರಿಗೆ ಬದಲಾವಣೆ ಮೊದಲ ಗರಕ್ಕೇ ತಿಳಿಯಿತು. "ದೀಪ ಹೋಯ್ತಲ್ಲೇ," ಎಂದರು, ಅಷ್ಟೇ. ಆಮೇಲಿನ ಅರ್ಧ ಗಂಟೆಯಲ್ಲಿ ಅವರು ನನ್ನ ಕಾಯಿಗಳನ್ನು ನಾಲ್ಕು ಸಲ ಹೊಡೆದು ಹಿಂದಕ್ಕೆ ಕಳಿಸಿದರು, ಒಂದು ಸಲ ಸರಿಯಾಗಿ ಎಂಟು ಮನೆ ಹಿಂದಿನಿಂದ ಬಾರಾ ಹಾಕಿ. ಮೊಬೈಲಿನಲ್ಲಿ ಬಾರಾ 16ಕ್ಕೆ ಒಂದೇ ಎಂದು ನನ್ನ ಪುಸ್ತಕ ಹೇಳುತ್ತಿತ್ತಾದರೂ ಅವರು ಹಳೆಯ ಜಾಗದಲ್ಲೇ ಕಾದು ಕುಳಿತಿದ್ದರು. ಪ್ರತಿ ಸಲ ಹೊಡೆದಾಗಲೂ, "ಕಾಣ್ತು ನೋಡು," ಎಂದು ಹೇಳಿ ನಗುತ್ತಿದ್ದರು.

ಹತ್ತು ಗಂಟೆಯ ಸುಮಾರಿಗೆ ಅವರ ಕೊನೆಯ ಕಾಯಿ ಒಳಸುತ್ತಿನಲ್ಲಿ ಹಣ್ಣಾಗಲು ಒಂದೇ ಮನೆ ಬಾಕಿಯಿತ್ತು. ಅವರಿಗೆ ಒಂದೇ ಒಂದು ಬೀಳಬೇಕು, ಅದೇ ಬೀಳುತ್ತಿಲ್ಲ. ಎರಡು, ಎರಡು, ಮೂರು. ನನ್ನ ಸರದಿ ಬಂದಾಗ ಒಳಸುತ್ತಿನಲ್ಲಿದ್ದ ನನ್ನ ಕಾಯಿಯಿಂದ ಅವರ ಕಾಯಿಯವರೆಗೆ ಬೆರಳಿಟ್ಟು ಎಣಿಸಿದೆ. ಎರಡು ಸಲ ಎಣಿಸಿದೆ. ಮೂರು ಮನೆ. ಹಾಕಿದೆ, ಮೂರು ಬಿತ್ತು. ಯಾವ ಕಾಯಿಯೂ ಮಿನುಗಲಿಲ್ಲ. ಹೊರಗಿದ್ದ ಕಾಯೊಂದನ್ನು ಮೂರು ಮನೆ ನಡೆಸಿದೆ.

ಲ್ಯಾಂಡ್‌ಲೈನಿನಲ್ಲಿ ಅವರ ಮನೆಯ ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು. ಅದರ ನಡುವೆ ತುಂಬ ಸಣ್ಣ ದನಿಯಲ್ಲಿ, ಒಂದು, ಎರಡು, ಮೂರು.

"ಮೂರು ತಾನೇ ಬಿದ್ದಿದ್ದು ನಿನಗೆ?"

"ಹೌದತ್ತೆ."

"ಹ್ಞೂಂ," ಎಂದರು. ಆಮೇಲೆ, "ಕನ್ನಡಕ ಹಾಕ್ಕೊಂಡು ಆಡೇ," ಎಂದು ಹೇಳಿ ಕವಡೆ ಉರುಳಿಸಿದರು.